ಕೊರಳು ತಿದ್ದಿದ ಗಿಟಾರ್

ಜಾಂಬೋಟಿ
೧೧ ಜೂನ್ ೨೦೨೪

ಶಶಿಧರ ಅವರಿಗೆ ತಹಮೀನಾಳ ನಮಸ್ಕಾರ.

ಬರೀ ನನ್ನ ಹೆಸರಿನಿಂದ ನಿಮಗೆ ಗುರುತು ಹತ್ತಲಿಕ್ಕಿಲ್ಲ. ಜುಲ್ಫಿಕಾರ ಅವರ ಹೆಂಡತಿ ಎಂದರೆ ಹತ್ತಬಹುದು. ಖಾನಾಪುರದಲ್ಲಿ ನಮ್ಮ ಮದುವೆಗೆ ನಿಮ್ಮ ಆರ್ಕೆಸ್ಟ್ರಾದವರು ಬಾರಿಸಲು ಬಂದಾಗ ಸ್ಪೀಕರ್ ಸುಟ್ಟು, ನೀವು ಊಟದ ಪಂಕ್ತಿ ಬಿಟ್ಟು ಅದರ ಮುಂದೆ ಕುಳಿತದ್ದು ನನಗೆ ನೆನಪಿದೆ. ಈಗ ನಾನು ಜಾಂಬೋಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಮೊದಲು ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮನೆಯವರು ಎತ್ತಿ, "ಅವರಿಗಿ ಫೋನಿನ್ಯಾಗ ಏನೂ ಕೇಳ್ಸೂದಿಲ್ರಿ, ಬರದು ಕಳಸ್ರಿ" ಎಂದರು. ಬರೆಯುವುದು ನನಗೂ ಅನುಕೂಲವೇ. ಮನೆಯಲ್ಲಿ ಆಡಿದ ಮಾತು ಇವರಿಗೆ ಕೇಳುತ್ತದೆ.

ಕಳೆದ ವರ್ಷ ಖಾನಾಪುರದ ಸಾ ಮಿಲ್ಲಿನಲ್ಲಿ ಇವರ ಎಡಗೈ ಗರಗಸಕ್ಕೆ ಸಿಕ್ಕಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರೂ ಹೋದವು. ಗಾಯ ಮಾಯಿತು, ಮನುಷ್ಯ ಮಾಯಲಿಲ್ಲ. ಬಾಗಿಲ ಹೊರಗೆ ಕಾಲಿಡುವುದಿಲ್ಲ. ಆ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡೇ ಇರುತ್ತಾರೆ, ನನಗೂ ತೋರಿಸುವುದಿಲ್ಲ. ನೀವು ಮಾಡಿಕೊಟ್ಟ ಗಿಟಾರ್ ಕಪಾಟಿನ ಮೇಲೆ ಗವಸಣಿಗೆಯಲ್ಲಿ ಮಲಗಿದೆ.

ಹೋದ ತಿಂಗಳು ಬೆಳಗಾವಿಯ ಒಂದು ಮದುವೆಯಲ್ಲಿ ಒಬ್ಬ ಹಿರಿಯರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ಸಣ್ಣ ಸರಳು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ಬಾರಿಸಿದರು. ತಂತಿ ಒತ್ತಲು ಬೆರಳೇ ಬೇಕಾಗಲಿಲ್ಲ. ಊಟಕ್ಕೆ ಕರೆದರೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ನಮ್ಮ ಗಿಟಾರನ್ನೂ ಹಾಗೆ ಬದಲಿಸಬಹುದೇ? ಬಣ್ಣ ಸುಲಿದಿದೆ, ಹೊಸ ಪಾಲಿಶ್ ಕೂಡ ಮಾಡಿಸಬೇಕು. ಇವರಿಗೆ ತಿಳಿಯದಂತೆ ಆಗಬೇಕು. ಒಂದು ದಿನ ಕೈಗೆ ಕೊಟ್ಟರೆ ಎದ್ದು ಕೂರುತ್ತಾರೆ ಎಂಬ ನಂಬಿಕೆ ನನ್ನದು.

ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಒಣಗಿಸಲು ಬೆಳಗಾವಿಗೆ ಕಳಿಸುತ್ತೇನೆ ಎಂದು ಸುಳ್ಳು ಹೇಳಿದ್ದೇನೆ. ಇವರು "ಜಲ್ದಿ ತರಸು" ಎಂದರು. ಎಷ್ಟೋ ದಿನಗಳ ಮೇಲೆ ಇವರು ಒಂದನ್ನು ಬೇಕೆಂದು ಕೇಳಿದರು, ನನಗೆ ಅದೇ ಹಬ್ಬ. ಮಗಳು ಅಂಜುಮ್ ಮಾತ್ರ ಕಾರಣವಿಲ್ಲದೆ ಅತ್ತಳು. ಹತ್ತನೆಯದು ಪಾಸಾದ ಮೇಲೆ ಅವಳ ಮೂಗಿನ ತುದಿಯಲ್ಲಿ ಸಿಟ್ಟು. ಗಿಟಾರನ್ನು ಕೌದಿಯಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕಲ್ಮೇಶ ಅವರ ಕೈಗೆ ಕೊಟ್ಟಿದ್ದೇನೆ.

ತಹಮೀನಾ

*

ಶಹಾಪುರ, ಬೆಳಗಾವಿ
೧೮ ಜೂನ್ ೨೦೨೪

ತಹಮೀನಾ ಅವರಿಗೆ,

ಗಿಟಾರ್ ಬಂತು. ಕಲ್ಮೇಶ ಅದನ್ನು ಬಾಣಂತಿಯ ಕೂಸಿನಂತೆ ಎತ್ತಿಕೊಂಡು ಬಂದು, ಚಹಾ ಕುಡಿದೇ ಹೋದ. ನನ್ನ ಹೆಂಡತಿ ಪ್ರಮಿಳಾ ಕೌದಿ ನೋಡಿ, "ಇನ್ನೊಂದು ರೋಗಿ ಬಂತೇನ್ರಿ?" ಎಂದಳು. ಅಂಗಡಿ ತುಂಬ ಕೆಟ್ಟ ರೇಡಿಯೊ, ಉಬ್ಬಸದ ಹಾರ್ಮೋನಿಯಂ. ಎಲ್ಲರೂ ಒಳರೋಗಿಗಳೇ.

ಜುಲ್ಫಿಯ ಕೈ ಹೋಗಿ ವರ್ಷವಾದರೂ ಯಾವ ನನ್ಮಗನೂ ನನಗೆ ಹೇಳಲಿಲ್ಲ. ಬೈಗುಳಕ್ಕೆ ಕ್ಷಮಿಸಿ, ನೀವು ಟೀಚರ್ ಎಂಬುದು ಮರೆತೆ. ಓದಿದ ದಿನ ನಾನು ಅಂಗಡಿ ತೆಗೆಯಲಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲಿ ಅವನ ಆ ಮೂರು ಬೆರಳುಗಳ ಆಟ ಕೇಳಲೆಂದೇ ಜನ ಗೋಕಾಕದಿಂದ ಬರುತ್ತಿದ್ದರು.

ಈ ಗಿಟಾರು ನಾನು ಇಪ್ಪತ್ತನಾಲ್ಕರ ಹುಡುಗನಾಗಿದ್ದಾಗ ಮಾಡಿದ್ದು. ಕೊಳ್ಳುವ ಯೋಗ್ಯತೆ ನಮಗಿಬ್ಬರಿಗೂ ಇರಲಿಲ್ಲ. ನಿಮ್ಮ ಮಾವ ನಬೀಸಾಬ ಕಾಕಾ ತಮ್ಮ ಮರದ ಅಡ್ಡೆಯಿಂದ ಒಡಲಿಗೆ ಶಿವನಿ ಕಟ್ಟಿಗೆ, ಕೊರಳಿಗೆ ಸಾಗವಾನಿ ಕೊಟ್ಟರು. ಬೆರಳಾಡಿಸುವ ಪಟ್ಟಿ ಮುರಿದ ಮಂಚದ ಬೀಟೆ. ತಂತಿಯ ನಾದವನ್ನು ಸ್ಪೀಕರಿಗೆ ಮುಟ್ಟಿಸುವ ಪಿಕಪ್ಪಿಗೆ ಸುಟ್ಟ ಫ್ಯಾನಿನ ತಾಮ್ರದ ತಂತಿ ಸುತ್ತಿದೆ. ಕೆಂಪು ಬಣ್ಣ ಲಾರಿಗೆ ಹೊಡೆಯುವುದು. ಹಿಂದೆ 'ಹಾರ್ನ್ ಓಕೆ' ಬರೆಯುವುದೊಂದು ಬಾಕಿ ಇತ್ತು.

ನೀವು ಕೇಳಿದ್ದನ್ನು ಎರಡು ರೀತಿ ಮಾಡಬಹುದು. ಒಂದು, ತಲೆಯ ಹತ್ತಿರ ಎತ್ತರದ ಪಟ್ಟಿ ಕೂರಿಸಿ ತಂತಿ ಮೇಲೆತ್ತುವುದು. ಬೇಡವಾದಾಗ ಕಿತ್ತು ಮತ್ತೆ ಮೊದಲಿನಂತೆ ನಿಲ್ಲಿಸಿ ಬಾರಿಸಬಹುದು. ಇನ್ನೊಂದು, ಬೆರಳೊತ್ತುವಲ್ಲಿ ಕೂರಿಸಿದ ಫ್ರೆಟ್ ಎಂಬ ಹಿತ್ತಾಳೆ ಪಟ್ಟಿಗಳನ್ನೆಲ್ಲ ಕಿತ್ತು, ಕೊರಳನ್ನೇ ರಂದಾ ಹೊಡೆದು ಸಪಾಟು ಮಾಡುವುದು. ಸರಳು ಜಾರಿಸಲು ಅದು ಬಲು ಚೆಂದ. ಆದರೆ ಮತ್ತೆ ಹಿಂದಕ್ಕೆ ಬರುವ ಮಾತಿಲ್ಲ.

ನನ್ನ ಮನಸ್ಸು ಎರಡನೆಯದರ ಕಡೆಗೆ ಎಳೆಯುತ್ತಿದೆ, ಬಚ್ಚಿಡುವುದೇನು. ಆ ಕೊರಳು ಸೊಟ್ಟ. ಐದನೆಯ ಫ್ರೆಟ್ ಒಂದು ಕೂದಲೆಳೆ ಹಿಂದೆ ಬಿದ್ದು, ಅಲ್ಲಿ ಸ್ವರ ಇಳಿದೇ ಬರುತ್ತದೆ. ಜುಲ್ಫಿ ಅಲ್ಲಿಗೆ ಬಂದಾಗಲೆಲ್ಲ ತಂತಿಯನ್ನು ಸ್ವಲ್ಪ ಎಳೆದು ಸ್ವರ ಸರಿ ಮಾಡಿಕೊಳ್ಳುತ್ತಿದ್ದ, ಕೇಳುವವರಿಗೆ ಅದೇ ಅವನ ಶೈಲಿ. ನನಗೆ ಮಾತ್ರ ಪ್ರತಿ ಸಲ ಮುಳ್ಳು ಚುಚ್ಚಿದ ಹಾಗೆ.

ಆದ್ದರಿಂದ ಒಂದೇ ಪ್ರಶ್ನೆ. ಇದನ್ನು ಇನ್ನು ಯಾರಾದರೂ ನಿಲ್ಲಿಸಿ ಹಿಡಿದು ಬಾರಿಸುವವರಿದ್ದಾರೆಯೇ? ವಿಚಾರ ಮಾಡಿ ಬರೆಯಿರಿ.

ಶಶಿಧರ

*

ಜಾಂಬೋಟಿ
೨೨ ಜೂನ್ ೨೦೨೪

ಶಶಿಧರ ಅವರೇ,

ವಿಚಾರ ಮಾಡುವುದೇನಿದೆ? ಯಾರೂ ಇಲ್ಲ. ನನಗೆ ಬಾರದು, ಅಂಜುಮ್‌ಗೆ ಅದರ ಗೊಡವೆ ಇಲ್ಲ. ಆ ಹಿತ್ತಾಳೆ ಪಟ್ಟಿಗಳ ಸಾಲು ಕಂಡರೆ ಇವರಿಗೆ ಹೋದ ಬೆರಳುಗಳೇ ನೆನಪಾಗುತ್ತವೆ. ಎಲ್ಲ ಕಿತ್ತು ಹಾಕಿ. ಹಿಂದಕ್ಕೆ ಬರುವ ದಾರಿ ಇದ್ದರೆ ಇವರು ಹಿಂದಕ್ಕೇ ನೋಡುತ್ತ ಕೂರುತ್ತಾರೆ.

ನಾನು ಒಂದು ತೀರ್ಮಾನಕ್ಕೆ ಬಂದರೆ ಮತ್ತೆ ಮತ್ತೆ ಕೆದಕುವವಳಲ್ಲ. ಕೆಲಸ ಹಿಡಿಯಿರಿ.

ತಹಮೀನಾ

*

ಬೆಳಗಾವಿ
೯ ಜುಲೈ ೨೦೨೪

ತಹಮೀನಾ ಅವರಿಗೆ,

ಹಿಡಿದಿದ್ದೇನೆ. ಲಾರಿ ಬಣ್ಣ ಸುಲಿದ ಮೇಲೆ ಶಿವನಿಯ ಮೈ ಹೊರಬಿತ್ತು. ತಿಳಿ ಹಳದಿ, ಒಂದು ಗಂಟಿಲ್ಲ. ಇಂಥ ಕಟ್ಟಿಗೆಯ ಮೇಲೆ ಆ ಬಣ್ಣ ಬಳಿದವನ ಕೈ ಮುರಿಯಬೇಕು. ಬಳಿದವನು ನಾನೇ.

ಕಾದ ಕಬ್ಬಿಣ ಮುಟ್ಟಿಸಿ ಫ್ರೆಟ್‌ಗಳನ್ನು ಒಂದೊಂದಾಗಿ ಎಬ್ಬಿಸಿದೆ. ಸಂದುಗಳಿಗೆ ಬೀಟೆಯ ಪುಡಿ, ಅಂಟು ತುಂಬಿದೆ. ಆಮೇಲೆ ರಂದಾ ಹಿಡಿದೆ. ಕೊರಳಿನ ಸೊಟ್ಟ ಹೋಗುವತನಕ ಬಿಡಲಿಲ್ಲ. ಬೀಟೆಯ ಪಟ್ಟಿ ಈಗ ಲಗ್ನಪತ್ರಿಕೆಯ ರಟ್ಟಿನಷ್ಟು ತೆಳ್ಳಗಿದೆ, ಆದರೆ ಕಣ್ಣಿಟ್ಟು ನೋಡಿದರೆ ತಲೆಯಿಂದ ಒಡಲವರೆಗೆ ಒಂದೇ ನೇರ. ಕಿವಿ ಮಂದವಾದ ಮೇಲೆ ನಾನು ಒಡಲಿನ ಅಂಚಿಗೆ ಹಲ್ಲು ಹಚ್ಚಿ ತಂತಿ ಮೀಟುತ್ತೇನೆ, ನಾದ ಎಲುಬಿಗೆ ಬರುತ್ತದೆ. ಪ್ರಮಿಳಾ, "ತಿಂದಗಿಂದೀರಿ, ಅಡಗಿ ಆಗೇತಿ" ಎಂದಳು.

ಪಾಲಿಶ್ ಮಾತ್ರ ನಿಂತಿದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅರಿವೆಯಿಂದ ಒರೆಸುವ ಕೆಲಸ ಅದು. ಈ ಹವೆಯಲ್ಲಿ ಕೈ ಆಡಿಸಿದರೆ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಬಿಸಿಲು ಕಾಣುವವರೆಗೆ ಕಾಯಲೇಬೇಕು.

ಒಂದು ಮಾತು. ಕಲ್ಮೇಶನ ಬಸ್ಸು ನಿಮ್ಮ ಮನೆಯ ಮುಂದೆ ನಿಂತಾಗ ಜುಲ್ಫಿ ಕಿಟಕಿಯಿಂದ ಕರೆದು ಹೇಳಿದನಂತೆ, "ಶಶ್ಯಾಗ ಹೇಳು, ಬಣ್ಣಾ ಏನರ ಮಾಡ್ಲಿ, ಕುತಗಿಗಿ ಕೈ ಹಚ್ಚಬ್ಯಾಡಂತ." ಗಿಟಾರ್ ನನ್ನಲ್ಲಿದೆ ಎಂದು ಅವನಿಗೆ ಗೊತ್ತಾಗಿದೆ. ಈ ಮಾತು ಬರುವ ಹೊತ್ತಿಗೆ ನಾನು ಕೈ ಹಚ್ಚಿ ಮುಗಿದಿತ್ತು. ಏನು ಮಾಡಲಿ?

ಸರಳನ್ನು ಸ್ಕೂಟರಿನ ಪಿಸ್ಟನ್ ಪಿನ್ನಿನಿಂದ ಮಾಡಿದ್ದೇನೆ. ಅದಕ್ಕೊಂದು ಬಳೆ ಬೆಸೆದರೆ ಕಿರುಬೆರಳಿಗೆ ತೊಡಿಸಿ ಹೆಬ್ಬೆರಳಿನಿಂದ ಒತ್ತಿಹಿಡಿಯಬಹುದು. ಅಳತೆ ಬೇಕು. ನೂಲು ಸುತ್ತಿ ಗಂಟು ಹಾಕಿ ಕಳಿಸಿ.

ಶಶಿಧರ

*

ಜಾಂಬೋಟಿ
೨೦ ಜುಲೈ ೨೦೨೪

ಶಶಿಧರ ಅವರೇ,

ಇವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇವರು ಎಲ್ಲಕ್ಕೂ ಬೇಡ ಎನ್ನುವವರೇ. ಡಾಕ್ಟರು ಬೇಡ, ನೆಂಟರು ಬೇಡ, ಕ್ಷೌರ ಬೇಡ. ಇವರ ಬೇಡವನ್ನು ಕೇಳುತ್ತ ಕೂತಿದ್ದರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಮುಂದುವರಿಸಿ.

ನೂಲು ಇದರೊಳಗಿದೆ. ಮಧ್ಯಾಹ್ನ ಮಲಗಿದ್ದಾಗ ಟವೆಲ್ ಬಿಚ್ಚಿದೆ. ಆಸ್ಪತ್ರೆ ಬಿಟ್ಟ ಮೇಲೆ ಆ ಕೈಯನ್ನು ನಾನು ನೋಡಿದ್ದು ಇದೇ ಮೊದಲು. ನೂಲು ಸುತ್ತುವಾಗ ಇವರ ಉಸಿರು ಬದಲಾಯಿತು, ಕಣ್ಣು ತೆರೆಯಲಿಲ್ಲ. ಎಚ್ಚರವಿದ್ದರು ಎಂದು ನನ್ನ ಅನಿಸಿಕೆ. ಬಿಡಿಸಿಕೊಳ್ಳಲಿಲ್ಲವಲ್ಲ, ಅದನ್ನೇ ಒಪ್ಪಿಗೆ ಎಂದು ತಿಳಿದೆ. ಹೊರಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ನಿಮಗೆ ಇದನ್ನೆಲ್ಲ ಯಾಕೆ ಬರೆಯುತ್ತೇನೋ ಗೊತ್ತಿಲ್ಲ.

ಮೊದಲ ಪತ್ರದಲ್ಲಿ ಬರೆದದ್ದಕ್ಕಿಂತ ಇವರ ಸ್ಥಿತಿ ಈಗ ಕೆಟ್ಟಿದೆ. ಗಿಟಾರ್ ಹೋದ ಮೇಲೆ ಇನ್ನೂ ಕುಗ್ಗಿದ್ದಾರೆ. ಆಗ ಸಂಜೆಯ ಹೊತ್ತಿಗಾದರೂ ಮುಖದಲ್ಲಿ ಕಳೆ ಇರುತ್ತಿತ್ತು, ನಾನು ಶಾಲೆಯಿಂದ ಬಂದಾಗ ಚಹಾ ಕೇಳುತ್ತಿದ್ದರು. ಈಗ ಅದೂ ಇಲ್ಲ. ಬೇಗ ಮುಗಿಸಿ ಎಂದು ಅವಸರ ಮಾಡುವುದು ಇದಕ್ಕೇ.

ಅಂಜುಮ್ ದಿನವೂ ಬಸ್ಸಿನಲ್ಲಿ ಓಡಾಡಿ ಕಾಲೇಜು ಕಲಿಯುತ್ತೇನೆ ಎಂದಿದ್ದವಳು ಈಗ ಬೆಳಗಾವಿಯ ಹಾಸ್ಟೆಲಿಗೆ ಸೇರಿದ್ದಾಳೆ. "ಇಲ್ಲಿದ್ದು ಏನ್ ಮಾಡ್ಲಿ ಅಮ್ಮಿ?" ಎಂದಳು. ಓದಿಗೆ ಒಳ್ಳೆಯದೇ ಆಯಿತು. ಅವಳಿಗೂ ಏನೋ ಚರ್ಮದ ತೊಂದರೆ. ಬೆರಳ ತುದಿಗಳು ಗಟ್ಟಿಯಾಗಿದ್ದವು, ಈಗ ಸಿಪ್ಪೆ ಸಿಪ್ಪೆಯಾಗಿ ಸುಲಿಯುತ್ತಿವೆ. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಕೈ ಕಸಿದುಕೊಳ್ಳುತ್ತಾಳೆ. ಬಾವಿಯ ಹಗ್ಗ ಎಳೆದು ಹಾಗಾಗಿರಬೇಕು.

ತಹಮೀನಾ

*

ಬೆಳಗಾವಿ
೨೪ ಜುಲೈ ೨೦೨೪

ಯಾವ ಕೈಯ ಬೆರಳುಗಳು? ಎರಡೂ ಕೈಯವೋ, ಎಡಗೈಯವು ಮಾತ್ರವೋ? ಹೆಬ್ಬೆರಳಿನ ತುದಿಯೂ ಸುಲಿದಿದೆಯೇ? ಕೂಡಲೇ ತಿಳಿಸಿ.

ಶಶಿಧರ

*

ಜಾಂಬೋಟಿ
೨೭ ಜುಲೈ ೨೦೨೪

ಶಶಿಧರ ಅವರೇ,

ಗಿಟಾರಿನ ಸುದ್ದಿ ಬರುತ್ತದೆ ಎಂದು ಕಾದರೆ ಚರ್ಮದ ಡಾಕ್ಟರರ ಪತ್ರ ಬಂತು. ಎಡಗೈ ಮಾತ್ರ. ನಾಲ್ಕು ಬೆರಳು. ಹೆಬ್ಬೆರಳು ಸರಿಯಾಗಿದೆ. ನಿಮಗೇನಾದರೂ ಮುಲಾಮು ಗೊತ್ತಿದ್ದರೆ ಹೇಳಿ.

ತಹಮೀನಾ

*

ಜಾಂಬೋಟಿ
೩೦ ಆಗಸ್ಟ್ ೨೦೨೪

ಶಶಿಧರ ಅವರೇ,

ನಿಮ್ಮಿಂದ ಒಂದಕ್ಷರ ಬಂದಿಲ್ಲ. ಅಂಗಡಿಯ ಶಟರ್ ಅರ್ಧ ಇಳಿಸಿರುತ್ತೀರಿ, ಒಳಗೆ ಕಟ್ಟಿಗೆ ಕೊಯ್ಯುವ ಸದ್ದು ಬರುತ್ತದೆ, ಕರೆದರೆ ಹೊರಗೆ ಬರುವುದಿಲ್ಲ ಎಂದು ಕಲ್ಮೇಶ ಅವರು ಹೇಳಿದರು. ಕೇಳಿಸದೆ ಇರಬಹುದು ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಇವರು ಗಿಟಾರಿನ ಮಾತು ಎತ್ತುವುದನ್ನು ನಿಲ್ಲಿಸಿದ್ದಾರೆ. ಮೊದಲು ಬಸ್ಸಿನ ಸದ್ದಿಗೆ ಕಿಟಕಿಗೆ ಬರುತ್ತಿದ್ದರು, ಈಗ ಬರುವುದಿಲ್ಲ. ಕೆಲಸ ಆಗದಿದ್ದರೆ ಆಗಲಿಲ್ಲ ಎಂದು ಬರೆಯಿರಿ. ನನಗೆ ಭಯವಾಗುತ್ತಿದೆ. ಒಬ್ಬ ಮನುಷ್ಯ ಕಣ್ಣೆದುರೇ ಸಣ್ಣಗಾಗುವುದನ್ನು ನೋಡುತ್ತ ಪಾಠ ಮಾಡಿ ಬರುತ್ತಿದ್ದೇನೆ.

ತಹಮೀನಾ

*

ಬೆಳಗಾವಿ
೧೨ ಸೆಪ್ಟೆಂಬರ್ ೨೦೨೪

ತಹಮೀನಾ ಅವರಿಗೆ,

ನಿಮ್ಮ ಎರಡೂ ಪತ್ರ ಬಂದಿವೆ. ನನಗೆ ಕೇಳಿಸುವುದಿಲ್ಲ ಎಂಬುದು ನಿಜ, ಆದರೆ ಓದಲು ಬರುತ್ತದೆ. ಉತ್ತರ ಬರೆಯುವ ಧೈರ್ಯ ಇರಲಿಲ್ಲ.

ಅದು ಚರ್ಮದ ರೋಗವಲ್ಲ. ಗಿಟಾರ್ ಕಲಿಯುವವರ ಎಡಗೈಯ ನಾಲ್ಕು ಬೆರಳ ತುದಿ ತಂತಿ ಒತ್ತಿ ಒತ್ತಿ ಗಟ್ಟಿಯಾಗುತ್ತದೆ. ಹೆಬ್ಬೆರಳು ಕೊರಳಿನ ಹಿಂದೆ ಇರುತ್ತದೆ, ಅದಕ್ಕೇನೂ ಆಗುವುದಿಲ್ಲ. ಬಾರಿಸುವುದು ನಿಂತರೆ ಆ ಗಟ್ಟಿ ಚರ್ಮ ಸುಲಿದು ಬೀಳುತ್ತದೆ. ನಿಮ್ಮ ಮಗಳು ಗಿಟಾರ್ ಬಾರಿಸುತ್ತಿದ್ದಳು. ಅದೂ ನಾಲ್ಕು ದಿನದ ಆಟವಲ್ಲ, ಅಷ್ಟು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಕಲಿಸಲು ನಿಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ? ಕುತ್ತಿಗೆಗೆ ಕೈ ಹಚ್ಚಬೇಡ ಎಂದು ಅವನು ಹೇಳಿದ್ದು ಅದಕ್ಕೇ.

ನಾನು ಅದೇ ಕುತ್ತಿಗೆಯನ್ನು ರಂದಾ ಹೊಡೆದು ಕೂತಿದ್ದೇನೆ. ತೆಳುವಾದ ಆ ಪಟ್ಟಿಗೆ ಮತ್ತೆ ಫ್ರೆಟ್ ಕೂರಿಸಲು ಎರಡು ಸಲ ನೋಡಿದೆ. ಎರಡನೆಯ ಸಲ ತಂತಿ ಬಿಗಿದಾಗ ಕೊರಳೇ ಸೀಳಿತು. ನನಗೆ ಸದ್ದು ಕೇಳಿಸಲಿಲ್ಲ, ಹಲ್ಲಿಗೆ ಗೊತ್ತಾಯಿತು.

ಈಗ ಹೊಸ ಕೊರಳು ಕೆತ್ತುತ್ತಿದ್ದೇನೆ. ಮೊದಲನೆಯದು ಕಟ್ಟಿಗೆಯೊಳಗೆ ಎಣ್ಣೆಗಂಟು ಸಿಕ್ಕಿ ಹಾಳಾಯಿತು. ಎರಡನೆಯದು ನಡೆದಿದೆ. ಅದೇ ಸಾಗವಾನಿ, ಅದೇ ದಪ್ಪ. ಜುಲ್ಫಿಗೆ ಏನೂ ಹೇಳಬೇಡಿ. ಮೊದಲಿನಂತೆ ಮಾಡಿ ಕಳಿಸುತ್ತೇನೆ. ನಡುವೆ ಇದೆಲ್ಲ ಆಗಿಲ್ಲವೆಂದು ತಿಳಿಯೋಣ.

ಶಶಿಧರ

*

ಜಾಂಬೋಟಿ
೨ ಅಕ್ಟೋಬರ್ ೨೦೨೪

ಶಶಿಧರ ಅವರೇ,

ನಿಮ್ಮ ಪತ್ರ ಓದಿ ಮೊದಲು ನಿಮ್ಮ ಮೇಲೆಯೇ ಸಿಟ್ಟು ಬಂತು. ಸುಳ್ಳು ಅನ್ನಿಸಿತು. ಶನಿವಾರ ಬೆಳಗಾವಿಗೆ ಬಂದು ಅಂಜುಮ್‌ಳನ್ನು ಹಾಸ್ಟೆಲಿನ ಹೊರಗೆ ಕರೆದು ಕೇಳಿದೆ. ಅಂಗಡಿಗೆ ಬರಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಅವಳು ಹೇಳಿದ್ದನ್ನು ಬರೆಯುತ್ತೇನೆ. ಅವಳ ಶಾಲೆ ನನ್ನ ಶಾಲೆಗಿಂತ ಮೊದಲು ಬಿಡುತ್ತಿತ್ತು. ನಾನು ಬರುವವರೆಗಿನ ಹೊತ್ತು ಅಪ್ಪ ಮಗಳದು. ಇವರು ಒಳಗಿನ ಕಟ್ಟೆಯ ಮೇಲೆ ಕೂರುವುದು, ಅವಳು ಕೆಳಗೆ ಇವರ ಮೊಣಕಾಲಿಗೆ ಬೆನ್ನು ಕೊಟ್ಟು ಗಿಟಾರ್ ಹಿಡಿಯುವುದು. ತಂತಿ ಒತ್ತುವುದು ಅವಳ ಎಡಗೈ. ಮೀಟುವುದು ಇವರ ಬಲಗೈ, ಅವಳ ಭುಜದ ಮೇಲಿಂದ ಇಳಿದು ಬಂದು. ಒಂದು ಗಿಟಾರಿಗೆ ಇಬ್ಬರು. ಸ್ಪೀಕರಿಗೆ ಜೋಡಿಸುತ್ತಿರಲಿಲ್ಲ, ಆದ್ದರಿಂದ ನೆರೆಮನೆಗೂ ಕೇಳುತ್ತಿರಲಿಲ್ಲ. ನಾನು ಬರುವ ಮೊದಲು ಗವಸಣಿಗೆ ಹಾಕಿ ಕಪಾಟಿನ ಮೇಲೆ ಇಟ್ಟುಬಿಡುತ್ತಿದ್ದರು.

"ನಂಗ್ಯಾಕ ಹೇಳಲಿಲ್ಲ?" ಎಂದೆ. "ನೀ ಊರಿಗೆಲ್ಲಾ ಹೇಳತಿದ್ದಿ ಅಮ್ಮಿ. ಛಲೋ ಆತು, ಹಂಗ ಮಾಡ್ರಿ, ಹಿಂಗ ಮಾಡ್ರಿ ಅಂತಿದ್ದಿ. ಅಬ್ಬಾ ನನ್ನ ಮುಂದ ಟವೆಲ್ ತಗೀತಿದ್ರು. ನೀ ಬಂದ್ರ ಮತ್ತ ಸುತಗೋತಿದ್ರು" ಎಂದಳು.

ನನಗೆ ಹೊಟ್ಟೆ ಉರಿಯಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಬಂತು ಎಂದು ಯಾರ ಮುಂದೆಯೂ ಹೇಳಲಾರೆ, ನಿಮ್ಮ ಮುಂದೆ ಹೇಳುತ್ತಿದ್ದೇನೆ. ಇವರು ಸಂಜೆ ಚಹಾ ಕೇಳುತ್ತಿದ್ದದ್ದು ಯಾಕೆಂದು ಈಗ ಅರ್ಥವಾಗಿದೆ. ಇವರನ್ನು ಎಬ್ಬಿಸಿ ಕೂರಿಸುತ್ತೇನೆ ಎಂದು ಹೊರಟೆ. ಇವರು ಎದ್ದು ಕೂತೇ ಇದ್ದರು. ನನಗೆ ಕಾಣಲಿಲ್ಲ ಅಷ್ಟೆ.

ನೀವು ಕೇಳಿದಾಗ ಯಾರೂ ಇಲ್ಲ ಎಂದು ಬರೆದವಳು ನಾನು. ಹೊಸ ಕೊರಳು ಆಗುತ್ತದೆಯೇ? ದೀಪಾವಳಿಯ ರಜೆಗೆ ಅಂಜುಮ್ ಬರುತ್ತಾಳೆ. ಅಷ್ಟರೊಳಗೆ ಕಳಿಸಿಕೊಡಿ, ಕಾಲಿಗೆ ಬೀಳುತ್ತೇನೆ.

ತಹಮೀನಾ

*

ಬೆಳಗಾವಿ
೨೬ ಅಕ್ಟೋಬರ್ ೨೦೨೪

ತಹಮೀನಾ ಅವರಿಗೆ,

ಕಾಲಿಗೆ ಬೀಳುವ ಮಾತು ಬೇಡ. ಗಿಟಾರ್ ಮುಗಿಯಿತು. ಇದರ ಜೊತೆಗೇ ಕಲ್ಮೇಶನ ಬಸ್ಸಿನಲ್ಲಿ ಬರುತ್ತಿದೆ.

ಒಳ್ಳೆ ಬಿಸಿಲು ಬಿದ್ದಿತ್ತು. ಅರಗಿನ ಕೈ ಒಂದರ ಮೇಲೊಂದು ಕೊಟ್ಟೆ. ಶಿವನಿ ಈಗ ಜೇನಿನ ಬಣ್ಣಕ್ಕೆ ಬಂದಿದೆ. ಪಿಕಪ್ ಹೊಸದಾಗಿ ಸುತ್ತಿದ್ದೇನೆ, ಗುಂಯ್ ಎನ್ನುವುದು ನಿಂತಿದೆ ಎಂದು ಪ್ರಮಿಳಾ ಸಾಕ್ಷಿ ಹೇಳಿದ್ದಾಳೆ. ಹೊಸ ಕೊರಳಿನ ಹಿಂಭಾಗವನ್ನು ಜುಲ್ಫಿಯ ಅಂಗೈ ನೆನಪಿಟ್ಟುಕೊಂಡೇ ಕೆತ್ತಿದೆ, ಆಮೇಲೆ ನಿಮ್ಮ ಮಗಳ ಅಂಗೈ ಸಣ್ಣದಿರಬೇಕೆಂದು ಚೂರು ಇಳಿಸಿದೆ.

ಮುಖ್ಯ ವಿಷಯ, ಈ ಸಲ ಅಳತೆ ತಪ್ಪಿಲ್ಲ. ಐದನೆಯ ಫ್ರೆಟ್ಟನ್ನು ಮೂರು ರೀತಿಯಲ್ಲಿ ಲೆಕ್ಕ ಹಾಕಿ ಕೂರಿಸಿದೆ. ಎಲ್ಲಿ ಒತ್ತಿದರೂ ಸ್ವರ ಶುದ್ಧ. ಬೀದಿಯ ಕೊನೆಯ ಹಾರ್ಮೋನಿಯಂ ಮಾಸ್ತರ ಬಸಯ್ಯನವರನ್ನು ಕರೆದು ಕೇಳಿಸಿದೆ, ತಲೆದೂಗಿದರು. ಆ ಹುಡುಗಿ ಅಪ್ಪನಂತೆ ತಂತಿ ಜಗ್ಗುತ್ತ ಕಷ್ಟಪಡಬೇಕಾಗಿಲ್ಲ.

ಅವರಿಬ್ಬರೂ ಕೂತು ಬಾರಿಸಿದ ಸುದ್ದಿ ಬರೆಯಿರಿ. ಅದನ್ನು ಓದಿದರೆ ನನಗೆ ಕೇಳಿಸಿದಂತೆ.

ಶಶಿಧರ

*

ಜಾಂಬೋಟಿ
೧೦ ನವೆಂಬರ್ ೨೦೨೪

ಶಶಿಧರ ಅವರೇ,

ಗಿಟಾರ್ ಕೈಸೇರಿತು. ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ ಮರೆವಲ್ಲ.

ಕೌದಿಯನ್ನು ಇವರೇ ಬಿಚ್ಚಿದರು. ಒಂದೇ ಕೈಯಲ್ಲಿ, ಅವಸರವಿಲ್ಲದೆ. ಬಲಗೈಯನ್ನು ಒಡಲಿನ ಮೇಲೆ ಆಡಿಸಿದರು, ಕೊರಳಿನ ಹಿಂದೆ ಆಡಿಸಿದರು. ಅಲ್ಲಿಯೇ ಗೊತ್ತಾಯಿತು ಇವರಿಗೆ. ನನ್ನ ಕಡೆ ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ನಿಮ್ಮ ಪ್ರಶ್ನೆ, ನನ್ನ ಉತ್ತರ, ಸೀಳಿದ ಕೊರಳು, ಯಾವುದನ್ನೂ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇರ್ಲಿ" ಎಂದರು.

ಅಂಜುಮ್ ರಜೆಗೆ ಬಂದ ದಿನ ಇಬ್ಬರೂ ನನ್ನ ಎದುರಿಗೇ ಕೂತರು. ಇವರು ಟವೆಲ್ ತೆಗೆದರು. ನನ್ನ ಎದುರು ತೆಗೆದದ್ದು ಅದೇ ಮೊದಲು, ನಾನು ಬೇರೆಡೆ ನೋಡಲಿಲ್ಲ. ಅವಳ ಎಡಗೈ, ಇವರ ಬಲಗೈ. ಒಂದು ಸಾಲು ಸರಿಯಾಗಿ ಬಂತು. ಆಗಲೇ ಬೆಳಗಾವಿಗೆ ಬಂದು ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಎರಡನೆಯ ಸಾಲಿನಲ್ಲಿ ಸ್ವರ ಕೆಟ್ಟಿತು. ನನಗೂ ತಿಳಿಯುವಷ್ಟು ಕೆಟ್ಟಿತು. ಇವರು ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿದರು. ಅದೇ ಜಾಗಕ್ಕೆ ಬಂದಾಗ ಅದೇ ಆಯಿತು. ಐದನೆಯ ಫ್ರೆಟ್ಟಿನಲ್ಲಿ ಬೆರಳಿಟ್ಟ ಕೂಡಲೇ ತಂತಿ ಎಳೆಯುವುದನ್ನು ಇವರು ಅವಳಿಗೆ ಕಲಿಸಿದ್ದರು. ಅದು ಗಿಟಾರಿನ ತಪ್ಪು ತಿದ್ದಲು ಎಂದು ಹೇಳಿ ಕಲಿಸಿರಲಿಲ್ಲ. ಅವಳಿಗೆ ಗಿಟಾರ್ ಎಂದರೆ ಅದೇ. ಈಗ ಫ್ರೆಟ್ ಸರಿಯಾದ ಜಾಗದಲ್ಲಿದೆ, ಅವಳು ಎಳೆದರೆ ಸ್ವರ ಮೇಲೇರಿ ಕಿರುಚುತ್ತದೆ. "ಎಳಿಬ್ಯಾಡವಾ, ಈಗ ಅದು ಸರಿ ಐತಿ" ಎಂದರು. ಅವಳು ಬೇಕೆಂದು ಎಳೆಯುವುದಲ್ಲ, ಬೆರಳು ತಾನಾಗಿ ಹೋಗುತ್ತದೆ. ಮರುದಿನವೂ ಕೂತರು, ಅದರ ಮರುದಿನವೂ. ಕೊನೆಗೆ ಅವಳು ಗಿಟಾರನ್ನು ತೊಡೆಯಿಂದ ಇಳಿಸಿ, "ಇದು ನಮ್ದಲ್ಲ ಅಬ್ಬಾ" ಎಂದು ಒಳಗೆ ಹೋದಳು.

ನಾನು ಇವರ ಹತ್ತಿರ ಹೋಗಿ ಕೂತೆ. ಕಲಿತರೆ ಆಗುತ್ತದೆ, ಪ್ರತಿ ರಜೆಗೆ ಬರುತ್ತಾಳಲ್ಲ, ಇಬ್ಬರೂ ಹೊಸದಾಗಿ ಸುರು ಮಾಡಿ ಎಂದು ಬೇಡಿಕೊಂಡೆ. ಇವರು ಗಿಟಾರನ್ನು ಗವಸಣಿಗೆಗೆ ಹಾಕಿದರು.

ನಿನ್ನೆ ಅಂಜುಮ್ ಹಾಸ್ಟೆಲಿಗೆ ಹೊರಟಳು. ಇವರು ಎದ್ದು, ಅಂಗಿ ಬದಲಿಸಿ, ಗಿಟಾರನ್ನು ಬಲ ಹೆಗಲಿಗೆ ಏರಿಸಿಕೊಂಡು ಬಸ್ ನಿಲ್ದಾಣದವರೆಗೆ ನಡೆದರು. ವರ್ಷದ ಮೇಲೆ ಮನೆಯಿಂದ ಹೊರಗೆ ಬಂದದ್ದು ಹೀಗೆ. ಎಡಗೈ ಬರಿದಾಗಿ ಜೋತಾಡುತ್ತಿತ್ತು, ಅಂಗಡಿಯವರು ನೋಡುತ್ತಿದ್ದರು, ಇವರು ಲಕ್ಷ್ಯ ಕೊಡಲಿಲ್ಲ. ನಿಲ್ದಾಣದಲ್ಲಿ ಗಿಟಾರನ್ನು ಅಂಜುಮ್‌ಳ ಹೆಗಲಿಗೆ ಹಾಕಿದರು. ಅವಳು ಬೇಡ ಬೇಡ ಎಂದು ಅತ್ತಳು. "ಬಲಗೈ ಬರೂದಿಲ್ಲ ನಂಗ, ಅದು ನಿಮ್ದು" ಎಂದಳು. ಬಸ್ಸು ಹೊರಟಿತು.

ವಾಪಸ್ಸು ಬರುವಾಗ ಇವರ ದಾರಿಗೆ ಅಡ್ಡ ನಿಂತೆ. "ಯಾಕ ಕೊಟ್ರಿ? ನಿಮ್ಮ ಜೀವಾನ ಅದು" ಎಂದೆ. ಮನೆಯಲ್ಲಿ ನಮ್ಮದು ಉರ್ದು, ಈವರೆಗಿನ ಮನೆಯ ಮಾತನ್ನೆಲ್ಲ ನಾನೇ ಕನ್ನಡ ಮಾಡಿ ಬರೆದದ್ದು. ನಿಮ್ಮ ಮಾತು ಬಂದಾಗ ಮಾತ್ರ ಇವರ ಬಾಯಲ್ಲಿ ಕನ್ನಡ ಬರುತ್ತದೆ. ಕನ್ನಡದಲ್ಲಿಯೇ ಹೇಳಿದರು. ಹೇಳಿದ್ದನ್ನು ಹೇಳಿದಂತೆ ಬರೆಯಲು ತಿಳಿಸಿದ್ದಾರೆ.

"ಶಶ್ಯಾಗ ಬರಿ. ಛಲೋ ಮಾಡ್ಯಾನ, ಏನೂ ತಪ್ಪಿಲ್ಲ. ಮೊದಲಿಂದು ಕೆಟ್ಟಿತ್ತು, ಅದಕ್ಕ ನಾ ಬೇಕಾಗಿದ್ದೆ. ಈಗ ಸರಿ ಆಗೇತಿ. ಆಕಿಗಿ ಎರಡೂ ಕೈ ಅದಾವ."

ತಹಮೀನಾ